ಹೊಸ ಕಂಪ್ಯೂಟರ್‌ಗೆ ಸಾಫ್ಟ್‌ವೇರ್: ಸ್ಟೋರಾ, ಸೈಟಾ, ಅಂಗಡಿಯವರ ಪೆನ್‌ಡ್ರೈವಾ?

ಬೆಳಗಾವಿಯಲ್ಲಿ ಕೊಳ್ಳಲಿ, ವಿಜಯಪುರದಲ್ಲಿ ಕೊಳ್ಳಲಿ, ಹೊಸ ಲ್ಯಾಪ್‌ಟಾಪ್‌ನ ಬಿಲ್ ಆಗುತ್ತಿದ್ದಂತೆ ಕೌಂಟರ್ ಮುಂದೆ ಒಂದು ಮಾತು ಬಂದೇ ಬರುತ್ತದೆ: "ಅಣ್ಣಾರ, ಬೇಕಾದ್ದೆಲ್ಲಾ ನೀವೇ ಹಾಕಿ ಕೊಟ್ಟಬಿಡ್ರಿ." ಹುಡುಗ ಪೆನ್‌ಡ್ರೈವ್ ಚುಚ್ಚುತ್ತಾನೆ. ಅರ್ಧ ಗಂಟೆಯಲ್ಲಿ ಡೆಸ್ಕ್‌ಟಾಪ್ ತುಂಬಾ ಐಕಾನ್. ಇದರಲ್ಲಿ ಯಾವುದು ಎಲ್ಲಿಂದ ಬಂತು ಅಂತ ಕೇಳಿದರೆ ಪಾಪ, ಅವನಿಗೂ ಗೊತ್ತಿರುವುದಿಲ್ಲ.

ಅದೇ ಕೆಲಸವನ್ನು ಮನೆಯಲ್ಲಿ ಕೂತು ನೀವೇ ಮಾಡಬಹುದು. ದಾರಿಗಳು ನಾಲ್ಕೈದು ಇವೆ. ಯಾವುದನ್ನು ಹಿಡಿಯಬೇಕು ಅಂತ ತೀರ್ಮಾನಿಸೋಕೆ ಎರಡು ಪ್ರಶ್ನೆ ಸಾಕು. ಈ ಫೈಲ್ ಯಾರ ಕೈಯಿಂದ ಬಂತು? ನಾಳೆ ಇದರಲ್ಲಿ ದೋಷ ಸಿಕ್ಕರೆ, ಸರಿಮಾಡಿದ ಹೊಸ ಆವೃತ್ತಿಯನ್ನು ನನಗೆ ತಲುಪಿಸೋರು ಯಾರು? ಮೊದಲನೆಯದನ್ನು ಕೆಲವರಾದರೂ ಕೇಳುತ್ತಾರೆ. ಎರಡನೆಯದು ಯಾರಿಗೂ ಹೊಳೆಯೋದೇ ಇಲ್ಲ. ಇಲ್ಲಿ ಹೇಳಿರುವುದೆಲ್ಲ ವಿಂಡೋಸ್ 11ಕ್ಕೆ. ಈಗ ಹೊಸದಾಗಿ ಕೊಂಡವರ ಬಳಿ ಹೆಚ್ಚಾಗಿ ಇರುವುದು ಅದೇ. ವಿಂಡೋಸ್ 10ಕ್ಕೆ ಕಂಪನಿಯ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ.

ಮೊದಲು, ಹಾಕಲೇಬೇಕಾ?

ನಮ್ಮ ಕಡೆ ಹೊಸ ಕಂಪ್ಯೂಟರ್ ಅಂದರೆ ಗಂಟು ಕಟ್ಟಿದ ಫೈಲ್ ಬಿಚ್ಚುವ ವಿನ್‌ರಾರ್, ಪಿಡಿಎಫ್ ರೀಡರ್, ಒಂದು ಆಂಟಿವೈರಸ್ ಹಾಕಿಸೋದು ರೂಢಿ. ಈಗ ಈ ಮೂರೂ ಇಲ್ಲದೆ ನಡೆಯುತ್ತದೆ. ಪಿಡಿಎಫ್ ಅನ್ನು ವಿಂಡೋಸ್ ಜೊತೆಗೇ ಬರುವ ಎಡ್ಜ್ ಬ್ರೌಸರ್ ತೆರೆಯುತ್ತದೆ. ವೈರಸ್ ಕಾಯೋಕೆ ಡಿಫೆಂಡರ್ ಒಳಗೇ ಇದೆ, ದುಡ್ಡು ಬೇಡ, ಅಪ್‌ಡೇಟ್ ತಾನಾಗಿಯೇ ಬರುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಟ್ರಯಲ್ ಆಂಟಿವೈರಸ್ ಹಾಕಿಯೇ ಕೊಟ್ಟಿರುತ್ತಾರೆ. ಅದರ ಅವಧಿ ಮುಗಿದ ಮೇಲೆ ದುಡ್ಡು ಕಟ್ಟುವ ಮನಸ್ಸಿಲ್ಲದಿದ್ದರೆ ತೆಗೆದುಹಾಕಿ. ಡಿಫೆಂಡರ್ ತಾನೇ ಎದ್ದು ಕೆಲಸ ಶುರು ಮಾಡುತ್ತದೆ.

ಹಲವು ಫೈಲ್‌ಗಳನ್ನು ಒಂದೇ ಗಂಟಾಗಿ ಕಟ್ಟಿದ ಜಿಪ್ ಫೈಲ್‌ಗಳನ್ನು ವಿಂಡೋಸ್ ಬಹಳ ವರ್ಷಗಳಿಂದಲೂ ತೆರೆಯುತ್ತಿದೆ. 2023ರಲ್ಲಿ ಬಂದ ಅಪ್‌ಡೇಟ್ ನಂತರ ವಿಂಡೋಸ್ 11 ಇಂಥದ್ದೇ ರಾರ್ ಮತ್ತು 7-ಜೆಡ್ ಫೈಲ್‌ಗಳನ್ನೂ ತೆರೆಯುತ್ತದೆ. ವಿನ್‌ರಾರ್ ಎಲ್ಲರೂ ಅಂದುಕೊಂಡಂತೆ ಪುಕ್ಕಟೆ ಅಲ್ಲ, 40 ದಿನದ ಟ್ರಯಲ್ ಅಷ್ಟೇ. ಅದು ಆಮೇಲೂ ಸುಮ್ನೆ ನಡೆಯುತ್ತಾ ಹೋಗೋದರಿಂದ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ನನ್ನ ಎರಡನೇ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗೋದಿಲ್ಲ. 2025ರಲ್ಲಿ ವಿನ್‌ರಾರ್‌ನಲ್ಲಿ ಒಂದು ದೋಷ ಸಿಕ್ಕಿತು. ಬೇಕಂತಲೇ ತಯಾರಿಸಿದ ರಾರ್ ಫೈಲ್ ಬಿಚ್ಚಿದರೆ ಸಾಕು, ಒಳಗಿನ ಕೆಟ್ಟ ಪ್ರೋಗ್ರಾಂ ನಾವು ಹೇಳದ ಜಾಗದಲ್ಲಿ ಹೋಗಿ ಕೂರುತ್ತಿತ್ತು. ಕಂಪನಿ 7.13 ಆವೃತ್ತಿಯಲ್ಲಿ ಸರಿಮಾಡಿತು. ವಿನ್‌ರಾರ್ ತಾನಾಗಿ ಅಪ್‌ಡೇಟ್ ಆಗುವುದಿಲ್ಲವಲ್ಲ, ಹಳೆಯದು ಇದ್ದವರ ಕಂಪ್ಯೂಟರ್‌ನಲ್ಲಿ ದೋಷ ಹಾಗೇ ಉಳಿಯಿತು. ಅಂಗಡಿಯ ಪೆನ್‌ಡ್ರೈವ್‌ನಲ್ಲಿ ವರ್ಷಗಟ್ಟಲೆ ಇರೋ ಸೆಟಪ್ ಯಾವ ಆವೃತ್ತಿ ಇರಬಹುದು, ನೀವೇ ಊಹಿಸಿ.

ಕನ್ನಡ ಟೈಪಿಂಗ್‌ಗೂ ಬಹಳ ಮಂದಿಗೆ ಬೇರೆ ಸಾಫ್ಟ್‌ವೇರ್ ಬೇಡ. ಸೆಟ್ಟಿಂಗ್ಸ್‌ನಲ್ಲಿ ಟೈಮ್ ಅಂಡ್ ಲ್ಯಾಂಗ್ವೇಜ್ ತೆರೆದು ಕನ್ನಡ ಸೇರಿಸಿದರೆ, ಇಂಗ್ಲಿಷ್ ಅಕ್ಷರದಲ್ಲಿ ಉಚ್ಚಾರ ಬರೆದರೆ ಕನ್ನಡ ಮೂಡುವ ಫೊನೆಟಿಕ್ ಕೀಬೋರ್ಡ್ ಕೂಡ ಸಿಗುತ್ತದೆ. ಬೆಳಗಾವಿ, ನಿಪ್ಪಾಣಿ ಕಡೆಯವರಿಗೆ ಮರಾಠಿಯೂ ಬೇಕಾದರೆ ಅದನ್ನೂ ಅಲ್ಲೇ ಸೇರಿಸಿ. ವಿಂಡೋಸ್ ಕೀ ಹಿಡಿದು ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ. ಡಿಟಿಪಿ ಕೆಲಸ, ಸರ್ಕಾರಿ ಕಚೇರಿಯ ಹಳೆಯ ಕಡತ, ಇಂಥವು ಇದ್ದರೆ ಮಾತ್ರ ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ಬೇಕಾಗುತ್ತದೆ. ಅದನ್ನು ತಯಾರಿಸಿದ್ದು ಕನ್ನಡ ಗಣಕ ಪರಿಷತ್ತು. ಯಾರೋ ಕಳಿಸಿದ ಲಿಂಕ್ ಬೇಡ, ಅವರಿಂದಲೇ ತಗೊಳ್ಳಿ. ಒಂದು ಎಚ್ಚರ: ನುಡಿಯ ಹಳೆಯ ಫಾಂಟ್‌ನಲ್ಲಿ ಬರೆದದ್ದನ್ನು ವಾಟ್ಸಾಪ್‌ಗೆ ಹಾಕಿದರೆ ಕಾಗಕ್ಕ ಗುಬ್ಬಕ್ಕ ಆಗುತ್ತದೆ. ಅಲ್ಲಿಗೆ ಎಲ್ಲ ಕಂಪ್ಯೂಟರ್, ಫೋನ್‌ಗಳಲ್ಲೂ ಓದಲು ಬರುವ ಯೂನಿಕೋಡ್ ಅಕ್ಷರ ಬೇಕು.

ಮೈಕ್ರೋಸಾಫ್ಟ್ ಸ್ಟೋರ್

ಫೋನ್‌ನಲ್ಲಿ ಪ್ಲೇ ಸ್ಟೋರ್ ಬಳಸಿ ರೂಢಿ ಇದ್ದವರಿಗೆ ಇದು ಎಲ್ಲಕ್ಕಿಂತ ಸುಲಭ. ಹುಡುಕಿ, ಗೆಟ್ ಅಥವಾ ಇನ್‌ಸ್ಟಾಲ್ ಒತ್ತಿ, ಮುಗೀತು. ನೆಕ್ಸ್ಟ್ ನೆಕ್ಸ್ಟ್ ಅಂತ ಒತ್ತುವ ಕೆಲಸ ಕಡಿಮೆ, ಬೇಡದ್ದನ್ನು ಜೊತೆಗೆ ತುರುಕುವುದೂ ಕಡಿಮೆ. ಹೊಸ ಆವೃತ್ತಿಗಳೂ ಬಹುಪಾಲು ಸ್ಟೋರ್ ಮೂಲಕವೇ ಬರುತ್ತವೆ. ವಾಟ್ಸಾಪ್, ವಿಡಿಯೋ ನೋಡುವ ವಿಎಲ್‌ಸಿ, ಫೈರ್‌ಫಾಕ್ಸ್ ಬ್ರೌಸರ್ ಎಲ್ಲಾ ಇಲ್ಲಿ ಸಿಗುತ್ತವೆ.

ಹಾಗಂತ ಕಣ್ಣು ಮುಚ್ಚಿ ಒತ್ತಬೇಡಿ. ಹೆಸರಾಂತ ಸಾಫ್ಟ್‌ವೇರ್‌ನ ಹೆಸರಿಗೆ ಹಿಂದೆ ಮುಂದೆ ಒಂದೊಂದು ಪದ ಅಂಟಿಸಿಕೊಂಡ ನಕಲಿಗಳು ಸ್ಟೋರ್‌ನಲ್ಲೂ ಕಾಣಿಸಿಕೊಂಡಿವೆ. ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ತಯಾರಕರ ಹೆಸರು ಇರುತ್ತದೆ, ಅದನ್ನು ಓದಿ. ವಿಎಲ್‌ಸಿ ಆದರೆ ಅಲ್ಲಿ ವಿಡಿಯೋಲ್ಯಾನ್ ಅಂತಿರಬೇಕು. ಇನ್ನೊಂದು ತಮಾಷೆ ಇದೆ. ವರ್ಡ್, ಎಕ್ಸೆಲ್ ಥರದ ಕೆಲಸ ಮಾಡುವ ಲಿಬ್ರೆಆಫೀಸ್ ತನ್ನದೇ ಸೈಟ್‌ನಲ್ಲಿ ಪೂರ್ತಿ ಉಚಿತ, ಸ್ಟೋರ್‌ನಲ್ಲಿ ಅದಕ್ಕೆ ಬೆಲೆ ಹಚ್ಚಿದ್ದಾರೆ. ಮೋಸ ಏನಲ್ಲ, ಅದನ್ನು ನಡೆಸುವ ಸಂಸ್ಥೆಯೇ ಖರ್ಚಿಗೆ ಆಗಲಿ ಅಂತ ಇಟ್ಟ ಬೆಲೆ. ಗೊತ್ತಿಲ್ಲದೆ ಕಟ್ಟೋದು ಬೇರೆ, ಗೊತ್ತಿದ್ದು ಕೊಡೋದು ಬೇರೆ ಅಲ್ವಾ?

ಕೆಲವು ಅಗ್ಗದ ಲ್ಯಾಪ್‌ಟಾಪ್‌ಗಳು ಎಸ್ ಮೋಡ್ ಅನ್ನುವ ಬೀಗದಲ್ಲಿ ಬರುತ್ತವೆ. ಅವುಗಳಲ್ಲಿ ಸ್ಟೋರ್ ಬಿಟ್ಟು ಬೇರೆಲ್ಲಿಂದ ತಂದರೂ ಸೆಟಪ್ ಓಡುವುದಿಲ್ಲ. ಲ್ಯಾಪ್‌ಟಾಪ್ ಕೆಟ್ಟಿದೆ ಅಂತ ಅಂಗಡಿಗೆ ಓಡಬೇಡಿ. ಸೆಟ್ಟಿಂಗ್ಸ್‌ನ ಆಕ್ಟಿವೇಶನ್ ಪುಟದಿಂದ ಈ ಬೀಗ ತೆಗೆಯಬಹುದು, ದುಡ್ಡು ಕೊಡಬೇಕಿಲ್ಲ. ಆದರೆ ಒಮ್ಮೆ ತೆಗೆದರೆ ತಿರುಗಿ ಹಾಕಲು ಬರುವುದಿಲ್ಲ. ಬ್ರೌಸಿಂಗ್, ವಾಟ್ಸಾಪ್, ಪತ್ರ ಬರೆಯೋದು ಇಷ್ಟೇ ಇರುವ ಹಿರಿಯರಿಗೆ ಹಾಗೇ ಬಿಡುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ತಯಾರಕರ ಸ್ವಂತ ಸೈಟ್

ಸ್ಟೋರ್‌ನಲ್ಲಿ ಎಲ್ಲವೂ ಇಲ್ಲ. ಕ್ರೋಮ್ ಬೇಕಾದರೆ ಗೂಗಲ್ ಸೈಟ್‌ಗೆ, ವ್ಯಾಪಾರದ ಲೆಕ್ಕ ಇಡುವ ಟ್ಯಾಲಿ ಬೇಕಾದರೆ ಟ್ಯಾಲಿ ಸೊಲ್ಯೂಷನ್ಸ್ ಸೈಟ್‌ಗೆ ಹೋಗಲೇಬೇಕು. ಹೊಸಬರು ಎಡವುವುದೂ ಇಲ್ಲೇ ಜಾಸ್ತಿ. ಅದಕ್ಕೇ ಸ್ವಲ್ಪ ನಿಂತು ನೋಡೋಣ.

ಹುಡುಕಿದ ಕೂಡಲೇ ಮೇಲ್ಗಡೆ ಬರುವ ಒಂದೆರಡು ಫಲಿತಾಂಶ ಜಾಹೀರಾತು ಆಗಿರಬಹುದು. ಪಕ್ಕದಲ್ಲಿ ಸ್ಪಾನ್ಸರ್ಡ್ ಅಂತ ಬರೆದಿದ್ದರೆ ಅದನ್ನು ದಾಟಿ ಕೆಳಗೆ ಹೋಗಿ. ಆಮೇಲೆ ವಿಳಾಸ ಓದಿ. ವಿಎಲ್‌ಸಿಯ ಮನೆ ವಿಡಿಯೋಲ್ಯಾನ್ ಡಾಟ್ ಆರ್ಗ್, ವಿಎಲ್‌ಸಿ ಅನ್ನುವ ಹೆಸರಿನ ಬೇರಾವುದೋ ಸೈಟ್ ಅಲ್ಲ. ವಿನ್‌ರಾರ್ ಥರದ್ದೇ ಕೆಲಸ ಮಾಡುವ 7-ಜಿಪ್‌ನ ವಿಳಾಸದಲ್ಲಿ 7 ಆದಮೇಲೆ ಅಡ್ಡಗೆರೆ ಇದೆ, ಕೊನೆಗೆ ಡಾಟ್ ಆರ್ಗ್ ಇದೆ. ಒಂದು ಗೆರೆ ತಪ್ಪಿದರೆ ಬೇರೆಯವರ ಮನೆ.

ಡೌನ್‌ಲೋಡ್ ಪುಟದಲ್ಲಿ ಮತ್ತೆ ಆಯ್ಕೆ ಕೇಳುತ್ತಾರೆ: 64 ಬಿಟ್, 32 ಬಿಟ್, ಎಆರ್‌ಎಂ. ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್ ಅಂತ ಹೋದರೆ ಸಿಸ್ಟಮ್ ಟೈಪ್ ಎದುರು ಉತ್ತರ ಬರೆದಿರುತ್ತದೆ. ಇಂಟೆಲ್ ಅಥವಾ ಎಎಂಡಿ ಪ್ರೊಸೆಸರ್ ಇದ್ದರೆ 64 ಬಿಟ್, ಅಂದರೆ ಎಕ್ಸ್64. ಸ್ನ್ಯಾಪ್‌ಡ್ರ್ಯಾಗನ್ ಇದ್ದರೆ ಎಆರ್‌ಎಂ. ವಿಂಡೋಸ್ 11 ಇರುವಲ್ಲಿ 32 ಬಿಟ್ ಆರಿಸುವ ಕಾರಣವೇ ಇಲ್ಲ.

ಫೈಲ್ ಬಂದು ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿ ಕೂರುತ್ತದೆ. "ಡೌನ್‌ಲೋಡ್ ಆತು, ಆದ್ರ ಐಕಾನೇ ಇಲ್ಲಲ್ರಿ" ಅನ್ನೋರು ಬಹಳ. ಡೌನ್‌ಲೋಡ್ ಆಗಿದ್ದು ಬರೀ ಸೆಟಪ್. ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿ ಓಡಿಸಿದ ಮೇಲೆಯೇ ಇನ್‌ಸ್ಟಾಲ್. ಜಿಪ್ ರೂಪದಲ್ಲಿ ಬಂದಿದ್ದರೆ ಮೊದಲು ರೈಟ್ ಕ್ಲಿಕ್ ಮಾಡಿ ಎಕ್ಸ್‌ಟ್ರಾಕ್ಟ್ ಆಲ್ ಕೊಡಿ. ಜಿಪ್‌ನ ಒಳಗಿಂದಲೇ ಓಡಿಸಲು ಹೋದರೆ ಅರ್ಧಕ್ಕೆ ನಿಲ್ಲುತ್ತದೆ. ಇನ್‌ಸ್ಟಾಲ್ ಮುಗಿದ ಮೇಲೆ ಸೆಟಪ್ ಫೈಲ್ ಅಳಿಸಿದರೆ ಏನೂ ಆಗುವುದಿಲ್ಲ.

ಇದೇ ಹೊತ್ತಿನಲ್ಲಿ ಇನ್ನೊಂದು ಕೆಲಸ ಮಾಡಿಬಿಡಿ. ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ವ್ಯೂ, ಅಲ್ಲಿಂದ ಶೋ, ಅಲ್ಲಿಂದ ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್ ಟಿಕ್ ಮಾಡಿ. ವಿಂಡೋಸ್ ಫೈಲ್ ಹೆಸರಿನ ಬಾಲವನ್ನು ಮುಚ್ಚಿಟ್ಟಿರುತ್ತದೆ. ಅದರಿಂದಾಗಿ "ಮಾರ್ಕ್ಸ್‌ಕಾರ್ಡ್ ಡಾಟ್ ಪಿಡಿಎಫ್ ಡಾಟ್ ಇಎಕ್ಸ್‌ಇ" ಅನ್ನುವ ಕೇಡಿನ ಫೈಲ್ ನಿಮಗೆ ಬರೀ ಪಿಡಿಎಫ್ ಥರ ಕಾಣುತ್ತದೆ. ಬಾಲ ಕಂಡರೆ ಬಣ್ಣ ಬಯಲಾಗುತ್ತದೆ.

ಪರದೆ ಮೇಲೆ ಬರುವ ಎಚ್ಚರಿಕೆಗಳು

ಸೆಟಪ್ ಓಡಿಸಿದಾಗ ಪರದೆ ಮಬ್ಬಾಗಿ ನಡುವೆ ಒಂದು ಪೆಟ್ಟಿಗೆ ಬರುತ್ತದೆ: ಈ ಆ್ಯಪ್‌ಗೆ ನಿಮ್ಮ ಕಂಪ್ಯೂಟರ್‌ನಲ್ಲಿ ಬದಲಾವಣೆ ಮಾಡಲು ಬಿಡ್ತೀರಾ? ಎಲ್ಲರೂ ಎಸ್ ಒತ್ತುತ್ತಾರೆ. ಒತ್ತುವ ಮೊದಲು ಎರಡು ಕ್ಷಣ ಪಬ್ಲಿಷರ್ ಅನ್ನುವ ಸಾಲು ನೋಡಿ. ಪಟ್ಟಿ ನೀಲಿ ಇದ್ದು ಕಂಪನಿಯ ಹೆಸರು ಸರಿ ಇದ್ದರೆ ಫೈಲ್‌ಗೆ ಡಿಜಿಟಲ್ ಸಹಿ ಇದೆ ಅಂತ ಅರ್ಥ. ಹಳದಿ ಇದ್ದು ಅನ್‌ನೋನ್ ಅಂತ ಬಂದರೆ ಸಹಿ ಇಲ್ಲ. ಗೊಬ್ಬರದ ಅಂಗಡಿಯಲ್ಲಿ ಬೀಜದ ಪ್ಯಾಕೆಟ್‌ನ ಸೀಲ್ ನೋಡುತ್ತೀವಲ್ಲ, ಹಾಗೆ. ಸೀಲ್ ಇದ್ದ ಮಾತ್ರಕ್ಕೆ ಬೆಳೆ ಬಂದೇ ಬರುತ್ತದೆ ಅಂತಿಲ್ಲ, ಪ್ಯಾಕೆಟ್ ದಾರಿಯಲ್ಲಿ ಯಾರೂ ಬಿಚ್ಚಿಲ್ಲ ಅನ್ನೋದಂತೂ ಖಾತ್ರಿ.

ಸಹಿ ಇಲ್ಲದ್ದೆಲ್ಲ ಕೆಟ್ಟದ್ದೂ ಅಲ್ಲ. 7-ಜಿಪ್ ಒಳ್ಳೆಯ ಸಾಫ್ಟ್‌ವೇರ್, ಆದರೆ ಅದರ ಸೆಟಪ್ ಬಹಳ ವರ್ಷಗಳಿಂದ ಸಹಿ ಇಲ್ಲದೆಯೇ ಬರುತ್ತಿದೆ. ಇಂಥಲ್ಲಿ ಎಲ್ಲಿಂದ ತಂದಿರಿ ಅನ್ನುವುದೇ ಮುಖ್ಯ. ಅನುಮಾನ ಬಂದರೆ ಫೈಲನ್ನು ವೈರಸ್‌ಟೋಟಲ್ ಅನ್ನುವ ಸೈಟ್‌ಗೆ ಹಾಕಿ. 70ರ ಆಸುಪಾಸು ಆಂಟಿವೈರಸ್‌ಗಳಿಂದ ಒಟ್ಟಿಗೆ ಪರೀಕ್ಷೆ ಮಾಡಿ ತೋರಿಸುತ್ತದೆ, ಉಚಿತ. ಆದರೆ ನಿಮ್ಮ ಸ್ವಂತ ದಾಖಲೆಗಳನ್ನು ಮಾತ್ರ ಅಲ್ಲಿ ಹಾಕಬೇಡಿ, ಅಲ್ಲಿಗೆ ಹೋದ ಫೈಲನ್ನು ಬೇರೆಯವರೂ ನೋಡಬಹುದು.

"ವಿಂಡೋಸ್ ಪ್ರೊಟೆಕ್ಟೆಡ್ ಯುವರ್ ಪಿಸಿ" ಅನ್ನುವ ನೀಲಿ ಪೆಟ್ಟಿಗೆ ಬೇರೆ. ಈ ಫೈಲ್ ಹೆಚ್ಚು ಜನ ಬಳಸಿದ್ದು ಕಂಡಿಲ್ಲ, ಜೋಪಾನ ಅಂತ ಅದರ ಮಾತು. ಮೋರ್ ಇನ್ಫೋ ಒತ್ತಿದರೆ ರನ್ ಎನಿವೇ ಸಿಗುತ್ತದೆ. ಅದನ್ನು ಒತ್ತುವುದು ಹೇಗೆ ಅಂತ ಯೂಟ್ಯೂಬ್‌ನಲ್ಲಿ ಎಲ್ಲರೂ ಹೇಳಿಕೊಡುತ್ತಾರೆ, ಯಾವಾಗ ಒತ್ತಬಾರದು ಅಂತ ಯಾರೂ ಹೇಳುವುದಿಲ್ಲ. ಕ್ರೋಮ್, ವಿಎಲ್‌ಸಿ, ಲಿಬ್ರೆಆಫೀಸ್‌ನಂಥ ಕೋಟಿಗಟ್ಟಲೆ ಜನ ಬಳಸುವ ಸಾಫ್ಟ್‌ವೇರ್‌ಗೆ ಈ ಪೆಟ್ಟಿಗೆ ಬಂತು ಅಂದರೆ ನಿಮ್ಮ ಕೈಯಲ್ಲಿರುವುದು ಅಸಲಿ ಫೈಲ್ ಅಲ್ಲ ಅಂತಲೇ ಅಂದುಕೊಂಡು ಅಳಿಸಿ.

ಇನ್‌ಸ್ಟಾಲ್ ಮಾಡುವಾಗ ಎಕ್ಸ್‌ಪ್ರೆಸ್, ಕಸ್ಟಮ್ ಅಂತ ಎರಡಿದ್ದರೆ ಕಸ್ಟಮ್ ಆರಿಸಿ. ಮೊದಲೇ ಟಿಕ್ ಆಗಿರುವ ಬೇಡದ ಟೂಲ್‌ಬಾರ್, ಬ್ರೌಸರ್ ಅಲ್ಲಿ ಕಾಣುತ್ತವೆ, ಟಿಕ್ ತೆಗೆಯಬಹುದು. ಡೆಸ್ಕ್‌ಟಾಪ್ ಕಂಪ್ಯೂಟರ್ ಇದ್ದು ಯುಪಿಎಸ್ ಇಲ್ಲದಿದ್ದರೆ, ಕರೆಂಟ್ ಹೋಗದ ಹೊತ್ತು ನೋಡಿಕೊಂಡು ಕೂರಿ.

ಡೌನ್‌ಲೋಡ್ ಸೈಟ್‌ಗಳು

ಸಾವಿರಾರು ಸಾಫ್ಟ್‌ವೇರ್ ಒಂದೇ ಕಡೆ ಕೊಡುವ ಸೈಟ್‌ಗಳಿವೆ. ಪುಟ ತುಂಬಾ ಹಸಿರು ಡೌನ್‌ಲೋಡ್ ಬಟನ್, ಅದರಲ್ಲಿ ಅರ್ಧ ಜಾಹೀರಾತು. ತಯಾರಕರ ಸೈಟ್ ಇರುವಾಗ ಇಲ್ಲಿಗೆ ಬರೋದು ಯಾಕೆ? ನನಗಂತೂ ಕಾರಣ ಕಾಣುವುದಿಲ್ಲ.

ಒಂದೇ ಸಲಕ್ಕೆ ಐದಾರು ಬೇಕು ಅನ್ನೋರಿಗೆ ನಿನೈಟ್ ಒಳ್ಳೆಯದು. ಬೇಕಾದ್ದಕ್ಕೆ ಟಿಕ್ ಹಾಕಿದರೆ ಒಂದು ಸಣ್ಣ ಫೈಲ್ ಕೊಡುತ್ತದೆ. ಅದು ಎಲ್ಲವನ್ನೂ ತಂದು, ಜೊತೆಗೆ ಬರುವ ಬೇಡದ್ದಕ್ಕೆಲ್ಲ ತಾನೇ ಬೇಡ ಅಂದು ಹಾಕುತ್ತದೆ. ಅದೇ ಫೈಲನ್ನು ತಿಂಗಳಿಗೊಮ್ಮೆ ಓಡಿಸಿದರೆ ಅಪ್‌ಡೇಟ್ ಕೂಡ ಆಗುತ್ತದೆ. ಮನೆ ಬಳಕೆಗೆ ಉಚಿತ. ವಿಂಡೋಸ್‌ನಲ್ಲೇ ವಿನ್‌ಗೆಟ್ ಅಂತ ಇನ್ನೊಂದು ಇದೆ, ಕಪ್ಪು ಪರದೆಯಲ್ಲಿ ಆದೇಶ ಟೈಪ್ ಮಾಡಬೇಕು. ಇಂಜಿನಿಯರಿಂಗ್ ಹುಡುಗರಿಗೆ ಬಹಳ ಹಿಡಿಸುತ್ತದೆ, ಉಳಿದವರಿಗೆ ಅವಸರ ಏನಿಲ್ಲ.

ಪೆನ್‌ಡ್ರೈವ್

ಇದರ ಪರವಾಗಿಯೂ ಒಂದು ಮಾತು ಹೇಳಲೇಬೇಕು. ಹಳ್ಳಿಯಲ್ಲಿ ಫೋನ್‌ನ ಹಾಟ್‌ಸ್ಪಾಟ್ ಮೇಲೆ ಕಂಪ್ಯೂಟರ್ ನಡೆಸೋರು ಬಹಳ ಮಂದಿ. ದಿನಕ್ಕೆ 1.5 ಜಿಬಿ ಪ್ಯಾಕ್. ಲಿಬ್ರೆಆಫೀಸ್ ಸೆಟಪ್ ಒಂದೇ 350 ಎಂಬಿ ಹತ್ತಿರ. ಹೊಸ ಕಂಪ್ಯೂಟರ್ ಆನ್ ಆದ ಕೂಡಲೇ ವಿಂಡೋಸ್ ತನ್ನ ಅಪ್‌ಡೇಟ್‌ಗಳನ್ನು ಜಿಬಿಗಟ್ಟಲೆ ಎಳೆಯಲು ಶುರು ಮಾಡುತ್ತದೆ. ಕಂಪ್ಯೂಟರ್‌ನ ವೈಫೈ ಸೆಟ್ಟಿಂಗ್‌ನಲ್ಲಿ ಆ ಹಾಟ್‌ಸ್ಪಾಟ್‌ಗೆ ಮೀಟರ್ಡ್ ಕನೆಕ್ಷನ್ ಆನ್ ಮಾಡಿದರೆ ಎಳೆಯುವುದು ಕಡಿಮೆಯಾಗುತ್ತದೆ. ವೈಫೈ ಇರುವ ಗೆಳೆಯರ ಮನೆಯಲ್ಲಿ ಕೂತು ಎಲ್ಲ ಸೆಟಪ್‌ಗಳನ್ನು ನೀವೇ ತಯಾರಕರ ಸೈಟ್‌ನಿಂದ ಇಳಿಸಿ ಪೆನ್‌ಡ್ರೈವ್‌ಗೆ ಹಾಕಿಕೊಂಡು ಬನ್ನಿ. ಬೇಡ ಅನ್ನುವವರು ಯಾರು? ಕ್ರೋಮ್‌ನಂಥವುಗಳಲ್ಲಿ ಆಫ್‌ಲೈನ್ ಇನ್‌ಸ್ಟಾಲರ್ ಅಂತ ಬೇರೆ ಸಿಗುತ್ತದೆ, ಅದನ್ನೇ ಇಳಿಸಿ. ಮಾಮೂಲಿ ಸೆಟಪ್ ಸಣ್ಣದಿದ್ದು, ಓಡಿಸಿದ ಮೇಲೆ ಉಳಿದದ್ದಕ್ಕೆ ಮತ್ತೆ ಇಂಟರ್ನೆಟ್ ಕೇಳುತ್ತದೆ.

ತೊಂದರೆ ಇರುವುದು ಊರೆಲ್ಲ ಸುತ್ತಿ ಬಂದ ಪೆನ್‌ಡ್ರೈವ್‌ನಲ್ಲಿ. ಅದರಲ್ಲೂ ಕ್ರ್ಯಾಕ್ ಮಾಡಿದ, ಅಂದರೆ ಲೈಸೆನ್ಸ್‌ನ ಬೀಗ ಮುರಿದ ಆಫೀಸ್‌ನಲ್ಲಿ. "ಮೊದಲು ಡಿಫೆಂಡರ್ ಆಫ್ ಮಾಡ್ರಿ, ಆಮ್ಯಾಲೆ ಆಕ್ಟಿವೇಟರ್ ಓಡಸ್ರಿ" ಅಂತ ಹೇಳಿದರೆ ಅಲ್ಲಿಗೇ ನಿಲ್ಲಿಸಿ. ಕಾವಲುಗಾರನನ್ನು ಮಲಗಿಸಿ ಬಾ ಅನ್ನುವ ಪ್ರೋಗ್ರಾಂ ಒಳಗೆ ಬಂದು ಏನು ಮಾಡುತ್ತದೆ ಅನ್ನುವುದು ಅದನ್ನು ಹಾಕುವವರಿಗೂ ತಿಳಿದಿರುವುದಿಲ್ಲ. ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್ ಕದಿಯುವ ಪ್ರೋಗ್ರಾಂಗಳು ಹರಡುವ ಮುಖ್ಯ ದಾರಿಗಳಲ್ಲಿ ಇದೂ ಒಂದು.

ಹಾಗಾದರೆ ಆಫೀಸ್‌ಗೆ ಏನು ಮಾಡೋದು? ಮೊದಲು ಲ್ಯಾಪ್‌ಟಾಪ್‌ನ ಬಿಲ್, ಡಬ್ಬಿಯ ಸ್ಟಿಕರ್ ನೋಡಿ. ಎಷ್ಟೋ ಮಾಡೆಲ್‌ಗಳಲ್ಲಿ ಅಸಲಿ ಆಫೀಸ್ ಬೆಲೆಯಲ್ಲೇ ಸೇರಿರುತ್ತದೆ. ವರ್ಡ್ ತೆರೆದು ನಿಮ್ಮ ಸ್ವಂತ ಇಮೇಲ್‌ನಿಂದ ನಿಗದಿತ ಅವಧಿಯೊಳಗೆ ಆಕ್ಟಿವೇಟ್ ಮಾಡಬೇಕು. ಅಂಗಡಿಯವರು ಸಹಾಯ ಮಾಡಲು ಹೋಗಿ ತಮ್ಮ ಇಮೇಲ್ ಹಾಕಿದರೆ ಲೈಸೆನ್ಸ್ ಅವರ ಹೆಸರಿಗೆ ಅಂಟಿಕೊಳ್ಳುತ್ತದೆ. ಆಮೇಲೆ ಬಿಡಿಸಿಕೊಳ್ಳುವುದು ಸಾಕುಬೇಕು. "ಇಮೇಲ್ ನಂದೇ ಹಾಕ್ರಿ" ಅಂತ ಕೌಂಟರ್‌ನಲ್ಲೇ ಹೇಳಿ.

ಆಫೀಸ್ ಸೇರಿಲ್ಲದಿದ್ದರೆ, ಇಂಟರ್ನೆಟ್ ಸದಾ ಇರುವವರು ಬ್ರೌಸರ್‌ನಲ್ಲೇ ವರ್ಡ್, ಎಕ್ಸೆಲ್ ಉಚಿತವಾಗಿ ಬಳಸಬಹುದು. ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ, ಅಪ್‌ಡೇಟ್ ಚಿಂತೆಯೂ ಇಲ್ಲ. ಇಲ್ಲದವರಿಗೆ ಲಿಬ್ರೆಆಫೀಸ್. ಬಯೋಡೇಟಾ, ಅರ್ಜಿ, ಲೆಕ್ಕದ ಪಟ್ಟಿಗೆ ಧಾರಾಳವಾಯಿತು. ಕಚೇರಿಯಿಂದ ಬಂದ, ಮ್ಯಾಕ್ರೋ ಅನ್ನುವ ಸಣ್ಣ ಪ್ರೋಗ್ರಾಂ ತುಂಬಿದ ಎಕ್ಸೆಲ್ ಫೈಲ್‌ಗಳಿದ್ದರೆ ಮಾತ್ರ ಅಲ್ಲಲ್ಲಿ ತಕರಾರು ಮಾಡುತ್ತದೆ.

ಯಾರಿಗೆ ಯಾವುದು

ಬಾಗಲಕೋಟೆಯಲ್ಲೋ ಬೆಳಗಾವಿಯಲ್ಲೋ ಬಿಇ ಸೇರಿದ ಹುಡುಗಿಗೆ ತಯಾರಕರ ಸೈಟೇ ದಾರಿ. ಸಿ ಪ್ರೋಗ್ರಾಮಿಂಗ್ ಲ್ಯಾಬ್‌ಗೆ, ಕೋಡ್ ಬರೆಯಲು ಬಳಸುವ ಕೋಡ್‌ಬ್ಲಾಕ್ಸ್ ಇಳಿಸುವಾಗ ಹೆಸರಲ್ಲಿ ಮಿನ್‌ಜಿಡಬ್ಲ್ಯೂ ಇರುವ ಸೆಟಪ್ ಆರಿಸಬೇಕು. ಅದಿಲ್ಲದ್ದರಲ್ಲಿ, ಬರೆದ ಕೋಡನ್ನು ಓಡುವ ಪ್ರೋಗ್ರಾಂ ಮಾಡುವ ಕಂಪೈಲರ್ ಇರುವುದಿಲ್ಲ. ಮೊದಲ ಪ್ರೋಗ್ರಾಂ ಬರೆದು ರನ್ ಒತ್ತಿದರೆ ಕಂಪೈಲರ್ ಸಿಗಲಿಲ್ಲ ಅಂತ ಕೆಂಪು ಸಾಲು ಬರುತ್ತದೆ, ಹುಡುಗಿ ತನ್ನ ಕೋಡ್‌ನಲ್ಲೇ ತಪ್ಪಿದೆ ಅಂತ ರಾತ್ರಿಯಿಡೀ ಸೆಮಿಕೋಲನ್ ಹುಡುಕುತ್ತಾಳೆ. ಪೈಥಾನ್‌ನ ಸೆಟಪ್ ಫೈಲ್ ಬಳಸಿದರೆ ಮೊದಲ ಕಿಟಕಿಯ ಕೆಳಗೆ ಪಾತ್‌ಗೆ ಸೇರಿಸುವ ಟಿಕ್ ಇರುತ್ತದೆ, ಹಾಕಲು ಮರೆಯಬಾರದು. ಮರೆತರೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ಪೈಥಾನ್ ಅಂತ ಬರೆದಾಗ ಪೈಥಾನ್ ಬದಲು ಸ್ಟೋರ್ ತೆರೆದುಕೊಳ್ಳುತ್ತದೆ.

ಇಳಕಲ್‌ನ ಸೀರೆ ಅಂಗಡಿಯವರಿಗೋ ವಿಜಯಪುರದ ಒಣದ್ರಾಕ್ಷಿ ವ್ಯಾಪಾರಿಗೋ ಟ್ಯಾಲಿ ಬೇಕು. ಕಂಪನಿ ಬೆಂಗಳೂರಿನದು, ಸೆಟಪ್ ಅವರ ಸೈಟ್‌ನಲ್ಲೇ ಸಿಗುತ್ತದೆ. ಲೈಸೆನ್ಸ್ ಇಲ್ಲದೆ ಎಜುಕೇಷನಲ್ ಮೋಡ್‌ನಲ್ಲಿ ಉಚಿತವಾಗಿ ಓಡಿಸಬಹುದು. ಆಗ ತಿಂಗಳ 1, 2 ಮತ್ತು ಕೊನೆಯ ತಾರೀಖಿಗೆ ಮಾತ್ರ ಎಂಟ್ರಿ ಹಾಕಲು ಬರುತ್ತದೆ. ಬಿಕಾಂ ಮಕ್ಕಳು ಕಲಿಯೋಕೆ ಅಷ್ಟು ಸಾಕು, ವ್ಯಾಪಾರ ನಡೆಸೋಕೆ ಸಾಲದು. ಕ್ರ್ಯಾಕ್ ಟ್ಯಾಲಿ ಹಾಕಿಕೊಡ್ತೀನಿ ಅನ್ನೋರಿಗೆ ವರ್ಷದ ಜಿಎಸ್‌ಟಿ ಲೆಕ್ಕ ಒಪ್ಪಿಸುವ ಧೈರ್ಯ ನನಗಿಲ್ಲ.

ನಿವೃತ್ತರಾದ ಮೇಷ್ಟ್ರು, ಮಗ ಬೆಂಗಳೂರಲ್ಲಿ, ಮನೆಯಲ್ಲಿ ಇಬ್ಬರೇ. ಇಂಥವರಿಗೆ ಸ್ಟೋರ್ ಒಂದೇ ಸಾಕು. ಸೆಟ್ಟಿಂಗ್ಸ್‌ನ ಆ್ಯಪ್ಸ್ ವಿಭಾಗದಲ್ಲಿ, ಅಡ್ವಾನ್ಸ್‌ಡ್ ಆ್ಯಪ್ ಸೆಟ್ಟಿಂಗ್ಸ್ ಒಳಗೆ, ಆ್ಯಪ್ ಎಲ್ಲಿಂದ ತರಬಹುದು ಅನ್ನುವ ಆಯ್ಕೆ ಇದೆ. ಅದನ್ನು ಸ್ಟೋರ್ ಮಾತ್ರ ಅಂತ ಮಾಡಿಡಿ. ಇದು ಎಸ್ ಮೋಡ್‌ನಂತಲ್ಲ, ಬೇಕಾದಾಗ ಬದಲಾಯಿಸಬಹುದು. ಮಗ ಊರಿಗೆ ಬಂದಾಗ ಬೇರೆ ಏನಾದರೂ ಹಾಕುವುದಿದ್ದರೆ ಹಾಕಲಿ.

ಈ ಮೇಷ್ಟ್ರಂಥವರಿಗೆ ಇನ್ನೊಂದು ದಾರಿಯಿಂದಲೂ ಸಾಫ್ಟ್‌ವೇರ್ ಬರುತ್ತದೆ, ಫೋನ್ ಕರೆಯಿಂದ. "ಸರ್, ನಿಮ್ಮ ಕೆವೈಸಿ ಬಾಕಿ ಇದೆ, ಎನಿಡೆಸ್ಕ್ ಹಾಕಿಕೊಳ್ಳಿ, ನಾವೇ ಸರಿ ಮಾಡ್ತೀವಿ." ಎನಿಡೆಸ್ಕ್ ಅಸಲಿ ಸಾಫ್ಟ್‌ವೇರೇ, ದೂರದಿಂದ ಇನ್ನೊಬ್ಬರ ಪರದೆ ನೋಡಿ ನಡೆಸಲು ಮಾಡಿದ್ದು. ಮಗ ಬೆಂಗಳೂರಿಂದ ಅಪ್ಪನಿಗೆ ಸಹಾಯ ಮಾಡಲು ಚೆನ್ನಾಗಿದೆ. ಗುರುತಿಲ್ಲದವರ ಕೈಗೆ ಕೊಟ್ಟರೆ ಬ್ಯಾಂಕ್ ಖಾತೆಯನ್ನೇ ಕೊಟ್ಟಂತೆ. ರಿಸರ್ವ್ ಬ್ಯಾಂಕ್ 2019ರ ಫೆಬ್ರವರಿಯಲ್ಲೇ ಇದರ ಹೆಸರು ಹೇಳಿ ಎಚ್ಚರಿಸಿತ್ತು. ತಾವಾಗಿಯೇ ಫೋನ್ ಮಾಡಿದವರು ಯಾರೇ ಹೇಳಿದರೂ ಸಾಫ್ಟ್‌ವೇರ್ ಹಾಕಬೇಡಿ. ಹಾಕಿ ದುಡ್ಡು ಹೋಗಿದ್ದರೆ ಇಂಟರ್ನೆಟ್ ಆಫ್ ಮಾಡಿ, ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕ್‌ಗೂ ತಿಳಿಸಿ. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಅವಕಾಶ ಜಾಸ್ತಿ.